ರೋಮನರ ನಾಣ್ಯಗಳೂ ಭಿನ್ನರಾಶಿಯ ಹೆಸರುಗಳೂ

ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ ರೋಮನರ ಬೆಳ್ಳಿಯ ನಾಣ್ಯಗಳು ದೊರೆತ ಸಂಗತಿಯನ್ನು ಶ್ರೋತೃಗಳಲ್ಲಿ ಅನೇಕರು ಬಲ್ಲರು. ಆ ನಾಣ್ಯದ ಹೆಸರು ದೆನಾರಿಯಸ್. ಲ್ಯಾಟಿನ್ ಭಾಷೆಯಲ್ಲಿ ಈ ಮಾತಿಗೆ ‘ಹತ್ತುಳ್ಳದ್ದು’ ಎಂದರ್ಥ. ಆದರೆ ಅದು ನಮ್ಮ ನಾಡನ್ನು ಸೇರಿದ ಕಾಲಕ್ಕೆ ಅದರ ಬೆಲೆ ಹತ್ತಲ್ಲ, ಹದಿನಾರು. ಹೆಸರೊಂದು, ಬೆಲೆಯೊಂದು ಆದುದು ಹೇಗೆ?

ರೋಮನರ ಲೆಕ್ಕಕ್ಕೆ ಆಧಾರವು ‘ಆಸ್’ ಎಂಬ ಪೂರ್ಣಮಾನ. ಮೊದಮೊದಲು ಅದು ಸುಮಾರು ಒಂದು ರೋಮನ್ ಪೌಂಡು, ಎಂದರೆ 327 ಗ್ರಾಮಿನಷ್ಟು ತೂಗುವ ಕಂಚು. ಅದರ ಹನ್ನೆರಡರಲ್ಲೊಂದು ಪಾಲು ಉಂಕಿಯ. ಇಂಗ್ಲಿಷಿನ ಔನ್ಸು, ಇಂಚು ಎರಡೂ ಈ ಮಾತಿನ ಮಕ್ಕಳೇ. ಎರಡು ಉಂಕಿಯ ಸೆಕ್ಸ್‌ಟನ್ಸ್, ಮೂರು ಕ್ವಾಡ್ರನ್ಸ್, ನಾಲ್ಕು ಟ್ರಿಯೆನ್ಸ್, ಆರು ಸೆಮಿಸ್. ಟ್ರಿಯೆನ್ಸಿನವರೆಗಿನ ನಾಣ್ಯಗಳ ಮೇಲೆ ಉಂಕಿಯಕ್ಕೊಂದರಂತೆ ಚುಕ್ಕೆಗಳಿದ್ದುವು. ಓದು ಬಾರದವನೂ ಎಣಿಸಬಹುದಾಗಿದ್ದಿತು. ಒಂಬತ್ತು ಉಂಕಿಯಕ್ಕೆ ದೋದ್ರನ್ಸ್, ಎಂದರೆ ‘ಕಾಲು ಕಳೆದದ್ದು’. ನಾವು ಮೂರು ಕಾಲುಗಳನ್ನು ಕೂಡಿಸಿ ಮುಕ್ಕಾಲು ಎನ್ನುತ್ತೇವೆ. ರೋಮನನು ಪೂರ್ಣದಿಂದ ಕಾಲನ್ನು ಕಳೆದು ಅದೇ ಮೊತ್ತವನ್ನು ಹೇಳುತ್ತಿದ್ದನು.

ಈ ಮಾತುಗಳು ಪೇಟೆಯಲ್ಲಿಯೇ ನಿಲ್ಲಲಿಲ್ಲ. ಹೊಲದ ಅಳತೆ, ಬಡ್ಡಿ, ಆಸ್ತಿಯ ಹಂಚಿಕೆ, ಎಲ್ಲಕ್ಕೂ ಇವೇ. ಕ್ರಿ. ಪೂ. 44ರಲ್ಲಿ ಕೊಲೆಯಾದ ಜೂಲಿಯಸ್ ಸೀಸರನು ಉಯಿಲಿನಲ್ಲಿ ಆಕ್ಟೇವಿಯನನಿಗೆ ಬಿಟ್ಟುದು ಆಸ್ತಿಯ ಮುಕ್ಕಾಲು, ಎಂದರೆ ಒಂದು ದೋದ್ರನ್ಸ್. ರೂಪಾಯಿಗೆ ಹದಿನಾರಾಣೆಯಿದ್ದ ದಿನಗಳಲ್ಲಿ ನಮ್ಮವರು ‘ನಾಲ್ಕಾಣೆ ಪಾಲು’ ಎಂದರೆ ಕಾಲುಭಾಗವೆಂದು ತಿಳಿಯುತ್ತಿದ್ದರಲ್ಲವೆ? ಅದೂ ಇದೂ ಒಂದೇ ಬಗೆ.

ಮಾತು ಗಟ್ಟಿಯಾಗಿ ನಿಂತಿತು, ಲೋಹ ನಿಲ್ಲಲಿಲ್ಲ. ಕ್ರಿ. ಪೂ. 218ರಿಂದ 201ರವರೆಗೆ ಹ್ಯಾನಿಬಾಲನೊಡನೆ ನಡೆದ ಯುದ್ಧದಲ್ಲಿ ರೋಮಿನ ಬೊಕ್ಕಸ ಬರಿದಾಯಿತು. ಆಸ್‌ನ ತೂಕ ಇಳಿಯುತ್ತ, ಸುಮಾರು 211ರ ಹೊತ್ತಿಗೆ ಪೌಂಡಿನ ಆರರಲ್ಲೊಂದಾಯಿತು. ಪೂರ್ಣವೆನಿಸಿಕೊಂಡ ಆಸ್ ಹಿಂದಿನ ಸೆಕ್ಸ್‌ಟನ್ಸಿನಷ್ಟು ಮಾತ್ರ ತೂಗಿತು! ಹತ್ತು ಆಸ್ ಬೆಲೆಯ ದೆನಾರಿಯಸ್ ಹುಟ್ಟಿದುದು ಆಗಲೇ. ಅದರ ಕಾಲುಭಾಗ ಸೆಸ್ಟರ್ಷಿಯಸ್. ಎರಡು ಆಸ್ ಇಡಿಯಾಗಿ, ‘ಮೂರನೆಯದು ಅರೆಯಾಗಿ’ ಎಂಬುದು ಆ ಹೆಸರಿನ ಅರ್ಥ. ಮುಂದೆ, ಸುಮಾರು ಕ್ರಿ. ಪೂ. 140ರಲ್ಲಿ, ದೆನಾರಿಯಸಿಗೆ ಹದಿನಾರು ಆಸ್ ಎಂದು ಗೊತ್ತುಮಾಡಿದರು. ಸೆಸ್ಟರ್ಷಿಯಸಿಗೆ ನಾಲ್ಕಾಯಿತು. ಹೆಸರುಗಳು ಮಾತ್ರ ಹತ್ತು, ಎರಡೂವರೆ ಎಂದು ಹಳೆಯ ಲೆಕ್ಕವನ್ನೇ ಹೇಳುತ್ತಿದ್ದುವು.

ಇದು ಬರಿಯ ಶಬ್ದದ ವಿಚಾರವಲ್ಲ, ಅನ್ನದ ವಿಚಾರ. ಸೈನಿಕರ ಸಂಬಳದಲ್ಲಿ ಮಾತ್ರ ದೆನಾರಿಯಸನ್ನು ಯಾವಾಗಲೂ ಹತ್ತು ಆಸ್‌ಗೇ ಕೊಡುತ್ತಿದ್ದರೆಂದು ಪ್ಲಿನಿ ಬರೆದಿದ್ದಾನೆ. ಹತ್ತು ಆಸ್ ಬರಬೇಕಾದ ಸೈನಿಕನಿಗೆ ಇಡೀ ಬೆಳ್ಳಿಯ ನಾಣ್ಯವೇ ಸಿಕ್ಕಿತು; ಹೊಸ ಲೆಕ್ಕದಲ್ಲಾದರೆ ಅದರ ಹದಿನಾರರಲ್ಲಿ ಹತ್ತು ಪಾಲು ಮಾತ್ರ. ಹಳೆಯ ಹೆಸರಿನ ಹಳೆಯ ಅರ್ಥವು ಅವನ ಕೂಲಿಯನ್ನು ಕಾಯಿತು.

ಈ ದೆನಾರಿಯಸ್ ಸಂಸ್ಕೃತದಲ್ಲಿ ‘ದೀನಾರ’ವಾಯಿತು, ಗುಪ್ತರ ಶಾಸನಗಳಲ್ಲಿ ಅದು ಚಿನ್ನದ ನಾಣ್ಯ. ಹತ್ತೆಂಬ ಅರ್ಥ ಮರೆತುಹೋಯಿತು, ಬೆಳ್ಳಿ ಹೋಗಿ ಚಿನ್ನ ಬಂದಿತು, ಹೆಸರು ಉಳಿಯಿತು. ಆದುದರಿಂದ ಹಳೆಯ ಬರೆಹದಲ್ಲಿ ನಾಣ್ಯದ ಹೆಸರನ್ನು ಕಂಡೊಡನೆ ಬೆಲೆಯನ್ನು ಕಟ್ಟಬಾರದು. ಇದು ಯಾವ ಕಾಲದ ತೂಕವೆಂದು ಮೊದಲು ಕೇಳಬೇಕು.