ಮಣ್ಣಿನ ಹಾದಿಗೆ ಬೈಕು ಪಳಗಿದ ಬಗೆ

ಮೋಟೋಕ್ರಾಸ್ ವಿಶ್ವ ಚಾಂಪಿಯನ್‌ಶಿಪ್‌ನ ಒಂದು ಓಟ ಮೂವತ್ತು ನಿಮಿಷ, ಮೇಲೆ ಎರಡು ಸುತ್ತು. ಅಷ್ಟರೊಳಗೆ ಮುಂಗೈ ಬಿಗಿದು ಬೆರಳು ಬ್ರೇಕ್ ಹಿಡಿಯದಂತಾದರೆ ಎಂಥ ಎಂಜಿನ್ ಇದ್ದರೂ ವ್ಯರ್ಥ. ಸವಾರನ ದಣಿವನ್ನು ಕಡಿಮೆ ಮಾಡಿದ ಬೈಕೇ ಹಿಡಿತಕ್ಕೂ ಸಿಗುತ್ತದೆ. ಈ ಆಟದ ನೂರು ವರ್ಷಗಳ ವಿನ್ಯಾಸ ಕಲಿಸಿದ ಪಾಠ ಇದು.

1924ರಲ್ಲಿ ಇಂಗ್ಲೆಂಡಿನ ಕ್ಯಾಂಬರ್ಲಿಯಲ್ಲಿ ಮೋಟೋಕ್ರಾಸ್‌ನ ಹಿಂದಿನ ರೂಪವಾದ ‘ಸ್ಕ್ರ್ಯಾಂಬಲ್’ ಮೊದಲ ಬಾರಿ ನಡೆದಾಗ ಓಡಿದ್ದು ರಸ್ತೆಯ ಬೈಕುಗಳೇ. 1957ರಲ್ಲಿ 500 ಸಿಸಿ ವಿಶ್ವ ಚಾಂಪಿಯನ್‌ಶಿಪ್ ಶುರುವಾದಾಗಲೂ ಭಾರವಾದ ಫೋರ್-ಸ್ಟ್ರೋಕ್ ಬೈಕುಗಳದೇ ಕಾಲ. 1964ರಲ್ಲಿ ಜೋಯಲ್ ರಾಬರ್ಟ್ 250 ಸಿಸಿ ಪಟ್ಟವನ್ನು, 1966ರಲ್ಲಿ ಪಾಲ್ ಫ್ರೀಡ್ರಿಕ್ಸ್ 500 ಸಿಸಿ ಪಟ್ಟವನ್ನು ಚೆಕ್ ದೇಶದ ಹಗುರ ಟೂ-ಸ್ಟ್ರೋಕ್ ಸಿಝಡ್ ಬೈಕಿನಲ್ಲಿ ಗೆದ್ದರು. ಭಾರ ಇಳಿದಂತೆ ತಿರುವು ಸುಲಭವಾಯಿತು.

ಚೆಕ್ ನಾಡಿನದೇ ಇನ್ನೊಂದು ತಳಿ 1961ರಲ್ಲಿ ಮೈಸೂರಿಗೆ ಬಂತು. ಐಡಿಯಲ್ ಜಾವಾ ಕಾರ್ಖಾನೆಯ ಜಾವಾ, ಆಮೇಲಿನ ಯೆಜ್ಡಿ ನಮ್ಮ ಮಣ್ಣಿನ ಸ್ಪರ್ಧೆಗಳಲ್ಲಿ ದಶಕಗಳ ಕಾಲ ಓಡಿದವು. ಅವುಗಳ ಹಿಂದಿನ ಜೋಡಿ ಶಾಕ್‌ಗಳು ರಸ್ತೆಗೆಂದು ಮಾಡಿದವು; ಹಳ್ಳದಿಣ್ಣೆಗಳ ಹೊಡೆತವನ್ನೆಲ್ಲ ಸವಾರನ ಮೊಣಕಾಲು, ಸೊಂಟ ತಾಳಿಕೊಳ್ಳಬೇಕಿತ್ತು.

ದೊಡ್ಡ ತಿರುವು 1973ರದು. ಬೆಲ್ಜಿಯಂನ ಲೂಸಿಯನ್ ಟಿಲ್ಕೆನ್ಸ್ ರೂಪಿಸಿದ ಒಂಟಿ ಶಾಕ್‌ನ ಯಮಹಾದಲ್ಲಿ ಹಾಕನ್ ಆಂಡರ್ಸನ್ 250 ಸಿಸಿ ವಿಶ್ವ ಪಟ್ಟ ಗೆದ್ದರು. ಚಕ್ರದ ಏರಿಳಿತ ಕ್ರಮೇಣ 300 ಮಿ.ಮೀ. ಆಸುಪಾಸಿಗೆ ಬೆಳೆಯಿತು. ಹಿಂದಿನ ಚಕ್ರ ನೆಲ ಬಿಡದಿದ್ದರಿಂದ ಗುಂಡಿಗಳ ಮೇಲೂ ವೇಗ ಉಳಿಯಿತು. ಆದರೆ ಸೀಟು ಎತ್ತರವಾಗಿ ಗುರುತ್ವ ಕೇಂದ್ರವೂ ಮೇಲೇರಿತು. ಅದಕ್ಕೆ ಸಿಕ್ಕ ಪರಿಹಾರ ಸಪಾಟಾದ ಉದ್ದ ಸೀಟು, ಸಣಕಲು ಟ್ಯಾಂಕು. ತಿರುವಿನಲ್ಲಿ ಮುಂದೆ ಸರಿದು ಮುಂಚಕ್ರಕ್ಕೆ ಭಾರ ಕೊಡಲು, ಜಿಗಿತದಲ್ಲಿ ಫುಟ್‌ಪೆಗ್ ಮೇಲೆ ನಿಂತು ಮೊಣಕಾಲಿನಿಂದ ಬೈಕನ್ನು ಅಪ್ಪಿ ಹಿಡಿಯಲು ಇದರಿಂದ ಸಾಧ್ಯವಾಯಿತು.

ಫ್ರೇಮ್ ಗಟ್ಟಿಯಾದಷ್ಟೂ ಒಳ್ಳೆಯದೆಂಬ ನಂಬಿಕೆ 1997ರಲ್ಲಿ ಅಲುಗಾಡಿತು. ಹೋಂಡಾ ಸಿಆರ್250ಆರ್‌ನ ಅಲ್ಯೂಮಿನಿಯಂ ಫ್ರೇಮ್ ಅತಿ ಬಿಗಿಯಾಗಿ, ನೆಲದ ಹೊಡೆತವನ್ನು ನೇರ ಕೈಗೆ ಮುಟ್ಟಿಸಿತು. ಮುಂದಿನ ಫ್ರೇಮ್‌ಗಳು ಅಳತೆಯಿಟ್ಟು ಬಾಗುವುದನ್ನು ಕಲಿತವು. 1998ರ ಯಮಹಾ ವೈಝಡ್400ಎಫ್ ಫೋರ್-ಸ್ಟ್ರೋಕ್ ಎಂಜಿನ್ನನ್ನು ಮತ್ತೆ ತಂದಿತು. ಅದರ ನಯವಾದ ಎಳೆತ ಹಿಂದಿನ ಟೈರಿಗೆ ಹಿಡಿತ ಕೊಟ್ಟಿತು.

ನಮ್ಮಲ್ಲಿ ಈ ಅರಿವು ಬೆಳೆದದ್ದು ಹೊಸೂರಿನ ಟಿವಿಎಸ್ ರೇಸಿಂಗ್‌ನಂಥ ತಂಡಗಳಲ್ಲಿ. ಮೋಟೋಕ್ರಾಸ್‌ನಲ್ಲಿ ಪಳಗಿದ ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ರ‍್ಯಾಲಿ ಮುಗಿಸಿದ ಮೊದಲ ಭಾರತೀಯರಾದರು. 2019ರಲ್ಲಿ ಉಡುಪಿಯ ಅರವಿಂದ್ ಕೆ.ಪಿ. ಅದೇ ರ‍್ಯಾಲಿಯ ಗುರಿ ಮುಟ್ಟಿದರು. ಕೇರಳದ ಹರಿತ್ ನೋವಾ 2024ರಲ್ಲಿ 11ನೆಯವರಾದರು. ಅದೇ 2019ರಲ್ಲಿ ಮಾರುಕಟ್ಟೆಗೆ ಬಂದ ಹೀರೋ ಎಕ್ಸ್‌ಪಲ್ಸ್ 200, ಮುಂದೆ 190 ಮಿ.ಮೀ. ಏರಿಳಿತ, 21 ಇಂಚಿನ ಚಕ್ರದೊಂದಿಗೆ ಮಣ್ಣಿನ ಸವಾರಿಯನ್ನು ಸಾಮಾನ್ಯರಿಗೂ ಎಟುಕಿಸಿತು.

ಹೊಸಬರಿಗೆ ಎರಡು ಮಾತು. ಎಂಜಿನ್ ಬದಲಿಸುವ ಮೊದಲು ಸಸ್ಪೆನ್ಷನ್ ಅನ್ನು ನಿಮ್ಮ ತೂಕಕ್ಕೆ ಹೊಂದಿಸಿಕೊಳ್ಳಿ. ಮೋಟೋಕ್ರಾಸ್ ಬೈಕಿನಲ್ಲಿ ಸವಾರ ಕುಳಿತಾಗ ಹಿಂಬದಿ ಸುಮಾರು 100 ಮಿ.ಮೀ. ಕುಸಿದರೆ ಸರಿ. ಇನ್ನು, ಅಭ್ಯಾಸದ ಜಾಗದ ಮಾತು. ಕೊಡಗಿನ ಕುಟ್ಟ ದಾಟಿ ವಯನಾಡಿನ ತೋಲ್ಪೆಟ್ಟಿಯಿಂದ ತಿರುನೆಲ್ಲಿಯವರೆಗೆ ಹಬ್ಬಿದ ಕಾಡು ಆನೆಗಳ ಮನೆ. ಅಲ್ಲಿ ಡಾಂಬರು ಬಿಟ್ಟು ಬೈಕ್ ಇಳಿಸಬೇಡಿ. ಅಭ್ಯಾಸಕ್ಕೆ ಅದಕ್ಕೆಂದೇ ಮಾಡಿದ ಟ್ರ್ಯಾಕ್‌ಗೆ ಹೋಗಿ.