‘ನಿಜವಾದ’ ಎಂಬ ಮಾತಿನ ಕಥೆ

ಒಂದೇ ಬೀದಿಯಲ್ಲಿ ಒಂದೇ ಹೆಸರಿನ ಎರಡು ಮಿಠಾಯಿ ಅಂಗಡಿಗಳಿದ್ದರೆ, ಇಂದಲ್ಲ ನಾಳೆ ಅವುಗಳಲ್ಲೊಂದರ ಫಲಕದ ಮೇಲೆ ‘ಅಸಲಿ’ ಎಂಬ ಮಾತು ಏರಿ ಕೂಡುತ್ತದೆ. ಹಾಗೆ ಬರೆಸಿದವನೇ ಮೊದಲು ಅಂಗಡಿ ತೆರೆದವನೆಂದು ಗಿರಾಕಿಗಳು ಸಹಜವಾಗಿ ನಂಬುತ್ತಾರೆ. ಸಂಗತಿ ಯಾವಾಗಲೂ ಹಾಗೆಯೇ ಇರಬೇಕೆಂದಿಲ್ಲ. ಅಮೆರಿಕದ ಮಕ್ಕಳ ಕಾರ್ಟೂನು ಚಿತ್ರಗಳ ಇತಿಹಾಸದಲ್ಲಿ ಇದಕ್ಕೊಂದು ಸೊಗಸಾದ ನಿದರ್ಶನವಿದೆ. 1986ರ ಸೆಪ್ಟೆಂಬರ್ ತಿಂಗಳಿನಲ್ಲಿ, ಒಂದೇ ವಾರದ ಅವಧಿಯೊಳಗೆ, ಅಲ್ಲಿನ ಟೆಲಿವಿಷನ್ನಿನಲ್ಲಿ ಎರಡು ಕಾರ್ಟೂನು ಮಾಲೆಗಳು ತೆರೆ ಕಂಡವು. ಒಂದರ ಹೆಸರು ‘ಘೋಸ್ಟ್‌ಬಸ್ಟರ್ಸ್’, ಎಂದರೆ ಭೂತಗಳನ್ನು ಬಗ್ಗುಬಡಿಯುವವರು. ಇನ್ನೊಂದರ ಹೆಸರು ‘ದಿ ರಿಯಲ್ ಘೋಸ್ಟ್‌ಬಸ್ಟರ್ಸ್’, ಎಂದರೆ ‘ನಿಜವಾದ’ ಭೂತಭಂಜಕರು!

ಹೆಸರನ್ನು ಹೋಲುವ ಹೆಸರಿಡುವ ವಾಡಿಕೆ ಈ ಕಲೆಗೆ ಹೊಸದೇನೂ ಅಲ್ಲ. 1929ರಲ್ಲಿ ವಾಲ್ಟ್ ಡಿಸ್ನಿಯವರು ‘ಸಿಲ್ಲಿ ಸಿಂಫನೀಸ್’ ಎಂಬ ಮಾಲೆಯನ್ನು ಆರಂಭಿಸಿದರು. ಅದರ ಬೆನ್ನಿಗೇ, 1930ರಲ್ಲಿ, ವಾರ್ನರ್ ಸಂಸ್ಥೆಯ ‘ಲೂನಿ ಟ್ಯೂನ್ಸ್’ ಬಂತು. ಮರುವರ್ಷ ‘ಮೆರಿ ಮೆಲಡೀಸ್’. 1934ರಲ್ಲಿ ಎಂಜಿಎಂ ಸಂಸ್ಥೆಯ ‘ಹ್ಯಾಪಿ ಹಾರ್ಮನೀಸ್’. ಎಲ್ಲಕ್ಕೂ ಒಂದೇ ಅಚ್ಚು: ಮುಂದೆ ಒಂದು ತಮಾಷೆಯ ವಿಶೇಷಣ, ಹಿಂದೆ ಒಂದು ಸಂಗೀತದ ಶಬ್ದ. ಆದರೆ ಅಲ್ಲಿ ಹೋಲಿಕೆ ಇದ್ದದ್ದು ಧಾಟಿಯಲ್ಲಿ. 1986ರಲ್ಲಿ ಹೆಸರೇ ಒಂದಾಯಿತು. ಜಗಳ ಬಂದದ್ದು ಆ ಹೆಸರು ಯಾರದೆಂಬ ಬಗ್ಗೆ.

ಇದನ್ನು ಅರಿಯಲು ಹನ್ನೊಂದು ವರ್ಷ ಹಿಂದೆ ಹೋಗಬೇಕು. 1975ರಲ್ಲಿ ಫಿಲ್ಮೇಷನ್ ಎಂಬ ಸಂಸ್ಥೆ ಸಿಬಿಎಸ್ ಜಾಲಕ್ಕಾಗಿ ಶನಿವಾರ ಬೆಳಗಿನ ಹಾಸ್ಯ ಕಾರ್ಯಕ್ರಮವೊಂದನ್ನು ತಯಾರಿಸಿತು. ಅದು ಕಾರ್ಟೂನಲ್ಲ, ನಟರು ಅಭಿನಯಿಸಿದ ಚಿತ್ರ. ಸ್ಪೆನ್ಸರ್, ಟ್ರೇಸಿ, ಕಾಂಗ್ ಎಂಬ ಮೂವರು ಭೂತ ಹಿಡಿಯಲು ಹೊರಡುತ್ತಾರೆ. ಸ್ಪೆನ್ಸರ್ ಟ್ರೇಸಿ ಹೆಸರಾಂತ ಚಿತ್ರನಟ; ಕಿಂಗ್ ಕಾಂಗ್ ಚಲನಚಿತ್ರದ ಗೊರಿಲ್ಲ. ಇಲ್ಲಿ ಮಾತ್ರ ಕಾಂಗ್ ಎಂಬಾತ ಮನುಷ್ಯ, ಟ್ರೇಸಿ ಗೊರಿಲ್ಲ! ಫಾರೆಸ್ಟ್ ಟಕರ್ ಮತ್ತು ಲ್ಯಾರಿ ಸ್ಟಾರ್ಚ್ ಇಬ್ಬರೂ ಮನುಷ್ಯರ ಪಾತ್ರ ವಹಿಸಿದರು. ಬಾಬ್ ಬರ್ನ್ಸ್ ಗೊರಿಲ್ಲದ ವೇಷ ತೊಟ್ಟರು. 15 ಕಂತುಗಳಾಗಿ ಆಟ ಮುಗಿಯಿತು. ಅದರ ಹೆಸರು ‘ದಿ ಘೋಸ್ಟ್ ಬಸ್ಟರ್ಸ್’.

ಮುಂದೆ 1984ರಲ್ಲಿ ಕೊಲಂಬಿಯ ಸಂಸ್ಥೆ ಅದೇ ಹೆಸರಿನ ಚಲನಚಿತ್ರವನ್ನು ಹೊರತಂದಿತು. ಡ್ಯಾನ್ ಅಕ್ರಾಯ್ಡ್ ಮತ್ತು ಹೆರಾಲ್ಡ್ ರೇಮಿಸ್ ಬರೆದು, ಐವನ್ ರೈಟ್‌ಮನ್ ನಿರ್ದೇಶಿಸಿದ ಈ ಕಥೆಗೂ ಗೊರಿಲ್ಲದ ಕಥೆಗೂ ಸಂಬಂಧವಿರಲಿಲ್ಲ. ಹೆಸರು ಮಾತ್ರ ಫಿಲ್ಮೇಷನ್ನಿನದಾಗಿದ್ದುದರಿಂದ ಕೊಲಂಬಿಯ ಹಣ ತೆತ್ತು ಅನುಮತಿ ಪಡೆಯಬೇಕಾಯಿತು. ಚಿತ್ರವು ಅಪಾರ ಜಯ ಗಳಿಸಿತು. ಅದರ ಕಾರ್ಟೂನನ್ನು ತಾವೇ ತಯಾರಿಸಬೇಕೆಂದು ಫಿಲ್ಮೇಷನ್ನಿನ ಮುಖ್ಯಸ್ಥ ಲೂ ಷೈಮರ್ ಬಯಸಿದರು. ಅದು ಕೂಡಿಬರಲಿಲ್ಲ. ಆಗ ಅವರು ತಮ್ಮ ಹಳೆಯ ಪೆಟ್ಟಿಗೆಯನ್ನು ತೆರೆದು, ಕಾಂಗ್ ಮತ್ತು ಸ್ಪೆನ್ಸರರ ಮಕ್ಕಳನ್ನು ನಾಯಕರನ್ನಾಗಿ ಮಾಡಿ, ಗೊರಿಲ್ಲವನ್ನೂ ಜೊತೆಗಿಟ್ಟುಕೊಂಡು, 65 ಕಂತುಗಳ ಕಾರ್ಟೂನು ಮಾಲೆಯನ್ನು ರಚಿಸಿದರು. ಕೊಲಂಬಿಯ ತನ್ನ ಚಿತ್ರದ ಕಾರ್ಟೂನನ್ನು ಡಿಐಸಿ ಎಂಬ ಸಂಸ್ಥೆಯ ಕೈಗೆ ಕೊಟ್ಟಿತು. ಹೆಸರಿನ ಹಿಂದೆ ‘ರಿಯಲ್’ ಎಂಬ ಮಾತನ್ನು ಅಂಟಿಸಿ, ಎದುರಾಳಿಯನ್ನು ಚುಚ್ಚಿತು.

ಹೀಗೆ, ಮೊದಲು ಬಂದವನು ಬರಿಯ ಹೆಸರಿನಿಂದ ನಿಂತ. ಆಮೇಲೆ ಬಂದವನು ‘ನಿಜವಾದ’ವನಾದ.

ಈ ನಿಜದ ಒಳಗೂ ಒಂದು ವಿನೋದವಿದೆ. ‘ರಿಯಲ್’ ಮಾಲೆಯ ಪಾತ್ರಗಳಿಗೆ ಚಲನಚಿತ್ರದ ನಟರ ಮುಖಚ್ಛಾಯೆ ಬಾರದಂತೆ ಎಚ್ಚರ ವಹಿಸಲಾಗಿತ್ತು. ಚಿತ್ರದಲ್ಲಿ ಕಪ್ಪು ಕೂದಲಿದ್ದ ಈಗನ್ ಎಂಬ ವಿಜ್ಞಾನಿ ಕಾರ್ಟೂನಿನಲ್ಲಿ ಹೊಂಗೂದಲಿನವನಾದ. ಚಿತ್ರದಲ್ಲಿ ವಿನ್‌ಸ್ಟನ್ನನ ಪಾತ್ರ ಮಾಡಿದ ಅರ್ನಿ ಹಡ್ಸನ್ ತಮ್ಮದೇ ಪಾತ್ರಕ್ಕೆ ಕಂಠ ಕೊಡಲು ಧ್ವನಿಪರೀಕ್ಷೆಗೆ ಹೋದರು. ಆಯ್ಕೆಯಾದವರು ಆರ್ಸೆನಿಯೋ ಹಾಲ್. ನಿಜವಾದ ವಿನ್‌ಸ್ಟನ್ ‘ನಿಜವಾದ’ ಮಾಲೆಗೆ ಸಲ್ಲಲಿಲ್ಲ!

ದೊಡ್ಡವರ ಈ ವ್ಯಾಜ್ಯದ ಸಂಕಟವನ್ನು ಉಂಡವರು ಮಕ್ಕಳು. ಅಂಗಡಿಗಳಲ್ಲಿ ಒಂದು ಮಾಲೆಯ ಆಟಿಕೆಗಳನ್ನು ಕೆನರ್ ಸಂಸ್ಥೆ ಮಾರುತ್ತಿತ್ತು, ಇನ್ನೊಂದರದನ್ನು ಶೇಪರ್ ಸಂಸ್ಥೆ. ವಿಡಿಯೋ ಕ್ಯಾಸೆಟ್ಟುಗಳದೂ ಅದೇ ಕಥೆ. ಹುಟ್ಟುಹಬ್ಬದ ದಿನ ಮಗು ಬಯಸಿದ್ದು ಹಸಿರು ಭೂತ ಸ್ಲೈಮರನ್ನು. ಹೆಸರನ್ನಷ್ಟೇ ಕೇಳಿಸಿಕೊಂಡ ಅಜ್ಜಿ ಅಕ್ಕರೆಯಿಂದ ತಂದದ್ದು ಟೋಪಿ ಹಾಕಿದ ಗೊರಿಲ್ಲವನ್ನು. ಇಂಥ ಪ್ರಸಂಗಗಳನ್ನು ಆ ತಲೆಮಾರಿನವರು ಇಂದಿಗೂ ನಗುತ್ತ ನೆನೆಯುತ್ತಾರೆ. ಅಂದು ಅತ್ತವರೂ ಅವರಲ್ಲಿದ್ದಾರು.

ಗುಣದ ಮಾತಿಗೆ ಬಂದರೆ ಪಕ್ಷಪಾತವಿಲ್ಲದೆ ಹೇಳಬೇಕು: ‘ರಿಯಲ್’ ಮಾಲೆಯ ಕಥೆಗಳು ಹೆಚ್ಚು ಜಾಣತನದವು. ಅದರ ಕಥಾವಿಭಾಗವನ್ನು ಆರಂಭದಲ್ಲಿ ನೋಡಿಕೊಂಡ ಜೆ. ಮೈಕೆಲ್ ಸ್ಟ್ರಾಜಿನ್ಸ್ಕಿ ಮುಂದೆ ಬೇರೆ ಕೃತಿಗಳಿಂದಲೂ ಹೆಸರು ಗಳಿಸಿದರು. ಮಾಲೆ 1991ರವರೆಗೆ ನಡೆಯಿತು. ಫಿಲ್ಮೇಷನ್ನಿನ ಚಿತ್ರಗಳಲ್ಲಾದರೋ ಮಿತವ್ಯಯ ಕಣ್ಣಿಗೆ ಹೊಡೆಯುತ್ತಿತ್ತು. ಒಮ್ಮೆ ಬರೆದ ಓಟ, ನೆಗೆತಗಳನ್ನೇ ಮತ್ತೆ ಮತ್ತೆ ಬಳಸುವುದು ಅದರ ಪದ್ಧತಿ. ಆದರೆ ಆ ಜಿಪುಣತನಕ್ಕೆ ಒಂದು ಕಾರಣವಿತ್ತು. ಉಳಿದ ಸಂಸ್ಥೆಗಳು ಚಿತ್ರ ಬರೆಯುವ ಕೆಲಸವನ್ನು ಅಗ್ಗದ ದರಕ್ಕೆ ಹೊರದೇಶಗಳಿಗೆ ಕಳಿಸುತ್ತಿದ್ದಾಗ, ಫಿಲ್ಮೇಷನ್ ಅದನ್ನು ಕ್ಯಾಲಿಫೋರ್ನಿಯದ ತನ್ನ ಛಾವಣಿಯ ಕೆಳಗೇ ಇರಿಸಿಕೊಂಡಿತ್ತು. ಒಡೆತನ ಫ್ರಾನ್ಸಿನವರ ಪಾಲಾದ ಹೊತ್ತಿನಲ್ಲಿ, 1989ರ ಫೆಬ್ರವರಿ ಆರಂಭದಲ್ಲಿ, ಸಂಸ್ಥೆಯ ಬಾಗಿಲು ಮುಚ್ಚಿತು. ದೊಡ್ಡ ಸಂಸ್ಥೆಗಳು ಮುಚ್ಚುವುದಕ್ಕೆ 60 ದಿನ ಮೊದಲೇ ನೌಕರರಿಗೆ ತಿಳಿಸಬೇಕೆಂಬ ಕಾನೂನು ಅಲ್ಲಿ ಜಾರಿಗೆ ಬಂದದ್ದು ಅದೇ ತಿಂಗಳ 4ರಂದು. ಫಿಲ್ಮೇಷನ್ ಮುಚ್ಚಿದ್ದು ಅದಕ್ಕೆ ಮುನ್ನ. ನೂರಾರು ಕುಂಚಗಳು ಒಮ್ಮೆಗೇ ಕೆಳಗಿಳಿದವು.

ಇಂದು ಬಹುಮಂದಿ ಫಿಲ್ಮೇಷನ್ನಿನ ಮಾಲೆಯನ್ನು ‘ನಕಲಿ’ ಎಂದೇ ಕರೆಯುತ್ತಾರೆ. ಒಂದೇ ಒಂದು ಶಬ್ದ, ಅದೂ ಚುಚ್ಚುಮಾತಾಗಿ ಬಂದದ್ದು, ಹನ್ನೊಂದು ವರ್ಷದ ಹಿರಿತನವನ್ನು ಅಳಿಸಿಹಾಕಿತು. ಗೆದ್ದವನ ಫಲಕವನ್ನೇ ಚರಿತ್ರೆಯೆಂದು ಓದುವ ಅಭ್ಯಾಸ ರಾಜ್ಯಗಳ ವಿಷಯದಲ್ಲಷ್ಟೇ ಅಲ್ಲ, ಮಕ್ಕಳ ಬೊಂಬೆಗಳ ವಿಷಯದಲ್ಲೂ ನಮಗುಂಟು. ಸೋತ ಕೃತಿ ದೊಡ್ಡದಾಗಿತ್ತೆಂದು ಯಾರೂ ಸಾಧಿಸಬೇಕಾಗಿಲ್ಲ. ಅದು ಕಳ್ಳಮಾಲಾಗಿರಲಿಲ್ಲ ಎಂದು ಹೇಳಿದರೆ ಸಾಕು. ಅಷ್ಟು ಋಣವನ್ನು ಚರಿತ್ರೆ ತೀರಿಸಬೇಕು.

ಮಕ್ಕಳ ನೆನಪಂತೂ ಹಕ್ಕುಪತ್ರ ನೋಡಿ ಒಳಗೆ ಬಿಡುವಂಥದಲ್ಲ. ಶಾಲೆ ಮುಗಿಸಿ ಬಂದು, ಚೀಲವನ್ನು ಮೂಲೆಗೆಸೆದು, ಮಾತನಾಡುವ ಕಾರಿನಲ್ಲಿ ಹೊರಟ ಗೊರಿಲ್ಲನನ್ನು ಕಣ್ಣರಳಿಸಿ ನೋಡಿದ ಹುಡುಗನಿಗೆ ಅದೇ ನಿಜವಾದ ಭೂತಭಂಜಕ. ಅಜ್ಜಿ ತಪ್ಪಿ ತಂದ ಬೊಂಬೆಯನ್ನು ಇಂದಿಗೂ ಕಪಾಟಿನಲ್ಲಿ ಜೋಪಾನ ಮಾಡಿಕೊಂಡವನಿದ್ದರೆ, ಅವನ ಮುಂದೆ ‘ರಿಯಲ್’ ಎಂಬ ಫಲಕ ಹಿಡಿದು ನಿಲ್ಲುವ ಧೈರ್ಯ ಯಾರಿಗಿದೆ?