ಹಳೆಯ ಕಲಾವಸ್ತುಗಳ ಖರೀದಿ ಮತ್ತು ಸಾಗಣೆ: ಪ್ರವಾಸಿಗರಿಗೆ ಸೂಚನೆಗಳು

ರಾಜ್ಯಕ್ಕೆ ಆಗಾಗ್ಗೆ ಭೇಟಿ ನೀಡುವ ವಿದೇಶಿ ಪ್ರವಾಸಿಗರು ಹಾಗೂ ಹೊರದೇಶಗಳಲ್ಲಿ ನೆಲೆಸಿರುವ ಕನ್ನಡಿಗರು ಹಳೆಯ ವಿಗ್ರಹ, ದೀಪ, ಚಿತ್ರಪಟ ಮುಂತಾದವುಗಳನ್ನು ಕೊಂಡೊಯ್ಯುವ ಮುನ್ನ ಈ ಕೆಳಕಂಡ ಅಂಶಗಳನ್ನು ಗಮನಿಸುವುದು.

1. 1972ರ ಪುರಾತನ ವಸ್ತುಗಳು ಮತ್ತು ಕಲಾ ನಿಧಿಗಳ ಅಧಿನಿಯಮದ ಪ್ರಕಾರ, 100 ವರ್ಷಗಳಿಗೆ ಕಡಿಮೆಯಿಲ್ಲದಷ್ಟು ಹಳೆಯದಾದ ಶಿಲ್ಪ, ನಾಣ್ಯ, ವರ್ಣಚಿತ್ರ ಮುಂತಾದವು ಪುರಾತನ ವಸ್ತುಗಳಾಗಿರುತ್ತವೆ. ಐತಿಹಾಸಿಕ ಅಥವಾ ಸಾಹಿತ್ಯಿಕ ಮೌಲ್ಯವುಳ್ಳ ಹಸ್ತಪ್ರತಿಗಳಿಗೆ ಈ ಅವಧಿಯು 75 ವರ್ಷ.

2. ಇವುಗಳನ್ನು ಖಾಸಗಿ ವ್ಯಕ್ತಿಗಳು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ಮನೆತನದಿಂದ ಬಂದ ಪೂಜಾ ವಿಗ್ರಹ, ತಾಳೆಗರಿ ಗ್ರಂಥಗಳಿಗೂ ವಿನಾಯಿತಿ ಇರುವುದಿಲ್ಲ. ಉಲ್ಲಂಘಿಸಿದವರಿಗೆ 6 ತಿಂಗಳಿಂದ 3 ವರ್ಷಗಳವರೆಗೆ ಕಾರಾಗೃಹವಾಸ ಮತ್ತು ಜುಲ್ಮಾನೆ ವಿಧಿಸಬಹುದಾಗಿದೆ.

3. ಹೊಸದಾಗಿದ್ದರೂ ಹಳೆಯದರಂತೆ ಕಾಣುವ ವಸ್ತುವಿಗೆ, ಅದು ಪುರಾತನ ವಸ್ತುವಲ್ಲವೆಂಬ ಪ್ರಮಾಣಪತ್ರವನ್ನು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯಿಂದ ಪಡೆದುಕೊಳ್ಳುವುದು ಸೂಕ್ತ. ಅಂಗಡಿಯವರ ಭರವಸೆಯು ಇದಕ್ಕೆ ಬದಲಾಗಲಾರದು.

4. ವಸ್ತುವಿನ ಪರಿಶೀಲನೆಗೆ ಕಾಲಾವಕಾಶ ಬೇಕಾಗುವುದರಿಂದ, ಪ್ರಯಾಣದ ದಿನಕ್ಕೆ ಸಾಕಷ್ಟು ಮುಂಚಿತವಾಗಿ ಅರ್ಜಿ ಸಲ್ಲಿಸುವುದು.

5. ಚನ್ನಪಟ್ಟಣದ ಗೊಂಬೆ, ಬಿದರಿ ಕಲಾಕೃತಿ, ಮೈಸೂರು ರೇಷ್ಮೆ ಸೀರೆಗಳಂತಹ ಹೊಸ ವಸ್ತುಗಳಿಗೆ ಈ ನಿರ್ಬಂಧವು ಅನ್ವಯಿಸುವುದಿಲ್ಲ. ಆದಾಗ್ಯೂ ಖರೀದಿಯ ರಸೀದಿಯನ್ನು ತಪ್ಪದೇ ಪಡೆದು, ಪ್ರಯಾಣ ಮುಗಿಯುವವರೆಗೆ ಇರಿಸಿಕೊಳ್ಳುವುದು.